ನಾಲ್ಕನೇ ಸ್ಥಾನ ಲೆಕ್ಕಕ್ಕಿಲ್ಲವೇ?

ಕಬ್ಬನ್_ನಡಿಗೆ
2021ರ ಆಗಸ್ಟ್ 7ರ ಸಂಜೆ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನೀರಜ್ ಚೋಪ್ರಾ ಚಿನ್ನ ಗೆದ್ದರು. ಅದೇ ದಿನ ಬೆಳಿಗ್ಗೆ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಗಾಲ್ಫ್‌ನಲ್ಲಿ ನಾಲ್ಕನೆಯವರಾಗಿದ್ದರು. ಮೊನ್ನೆ ಗೆಳೆಯರೊಬ್ಬರು "ನಾಲ್ಕನೆಯದು ಲೆಕ್ಕಕ್ಕಿಲ್ಲ ಬಿಡಿ" ಅಂದದ್ದು ಇನ್ನೂ ಕೊರೆಯುತ್ತಿದೆ. ವಿಶ್ವ ರ‍್ಯಾಂಕಿಂಗ್‌ನಲ್ಲಿ 200ನೆಯವರಾಗಿದ್ದ ಹುಡುಗಿ, ಅದೇ ವರ್ಷ ಕೋವಿಡ್ ಬಂದು ಸೊರಗಿದ್ದವಳು, 15 ಅಂಡರ್ ಪಾರ್ ಆಡಿದಳು, ಅಂದರೆ ನಿಗದಿತ ಹೊಡೆತಗಳಿಗಿಂತ 15 ಕಡಿಮೆ. ಚಿನ್ನ ಗೆದ್ದ ನೆಲ್ಲಿ ಕೋರ್ಡಾ 17. ಕಂಚು ಒಂದೇ ಹೊಡೆತದಲ್ಲಿ ತಪ್ಪಿತು. ಗಾಲ್ಫ್‌ನಲ್ಲಿ ನಿಮ್ಮ ಚೆಂಡನ್ನು ಯಾರೂ ಅಡ್ಡಗಟ್ಟುವುದಿಲ್ಲ. ಕೊನೆಯ ದಿನ ಅದಿತಿ 68 ಹೊಡೆತಕ್ಕೆ ಮುಗಿಸಿದರು, ಕಂಚು ಗೆದ್ದ ಲಿಡಿಯಾ ಕೊ 65ಕ್ಕೆ. ಇನ್ನೊಬ್ಬರು ಅಷ್ಟು ಚೆನ್ನಾಗಿ ಆಡಿದರೆ ಅದಿತಿಯ ಆಟದ ಬೆಲೆ ಹೇಗೆ ಕಡಿಮೆಯಾಗುತ್ತದೆ?

ಗೆರೆದಾಟು
ಒಪ್ಪುವುದಿಲ್ಲ. ಆ ದಿನ ಅದಿತಿಗೇ ಸಮಾಧಾನ ಇರಲಿಲ್ಲ. ಬೇರೆ ಟೂರ್ನಿಯಾದರೆ ಖುಷಿಪಡಬಹುದಿತ್ತು, ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನಕ್ಕೆ ಖುಷಿಪಡುವುದು ಕಷ್ಟ ಎಂಬರ್ಥದಲ್ಲಿ ಮಾತಾಡಿದ್ದರು. ಗೆಲ್ಲಲೆಂದೇ ಹೋದವರಿಗೆ ನಾವು ಮನೆಯಲ್ಲಿ ಕೂತು "ಪ್ರಯತ್ನ ಮುಖ್ಯ" ಅಂದರೆ ಅವರ ಹಸಿವನ್ನೇ ಸಣ್ಣದು ಮಾಡಿದಂತೆ. ಆ ನೋವಿಗೂ ಗೌರವ ಕೊಡಿ.

ಟ್ರ್ಯಾಕ್‌ಸೈಡ್
ನೋವಿಗೆ ಗೌರವ ಕೊಡೋಣ, ಸರಿ. ಆದರೆ ಪದಕ ಬರಲಿಲ್ಲ ಅಂದ ಮಾತ್ರಕ್ಕೆ ಸಾಧನೆ ಅಳಿಸಿಹೋಗುವುದಿಲ್ಲ. 1984, ಲಾಸ್ ಏಂಜಲೀಸ್, 400 ಮೀಟರ್ ಹರ್ಡಲ್ಸ್. ಪಿ.ಟಿ. ಉಷಾ 55.42 ಸೆಕೆಂಡ್. ಕಂಚು ಗೆದ್ದ ರೊಮೇನಿಯಾದ ಕೊಜೊಕಾರು 55.41. ಸೆಕೆಂಡಿನ ನೂರನೇ ಒಂದು ಭಾಗ! ಆ 55.42 ಅನ್ನು ಭಾರತದ ಇನ್ನೊಬ್ಬ ಓಟಗಾರ್ತಿ ಮುಟ್ಟಿದ್ದು 2023ರಲ್ಲಿ, ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ವಿದ್ಯಾ ರಾಮರಾಜ್. ಮಿಲ್ಖಾ ಸಿಂಗ್ 1960ರಲ್ಲಿ ರೋಮ್‌ನಲ್ಲಿ 400 ಮೀಟರ್ ಓಟದಲ್ಲಿ ನಾಲ್ಕನೆಯವರಾಗಿ ಓಡಿದ ಸಮಯವೂ 1998ರವರೆಗೆ ರಾಷ್ಟ್ರೀಯ ದಾಖಲೆಯಾಗಿ ನಿಂತಿತ್ತು.

ನಾನು ಮಕ್ಕಳಿಗೆ ಓಟ ಕಲಿಸುತ್ತೇನೆ. ಸ್ಪರ್ಧೆ ಮುಗಿಸಿ ಬಂದವರಿಗೆ ಮೊದಲು "ಟೈಮಿಂಗ್ ಎಷ್ಟು?" ಅಂತಲೇ ಕೇಳುವುದು, ಸ್ಥಾನ ಆಮೇಲೆ. ಮನೆಯಲ್ಲಿ ಸ್ಥಾನವನ್ನಷ್ಟೇ ಕೇಳಿದರೆ ಮಗು ದುರ್ಬಲ ಎದುರಾಳಿಗಳಿರುವ ಕೂಟವನ್ನೇ ಹುಡುಕುತ್ತದೆ. ಜೂನಿಯರ್ ಕ್ರೀಡೆಯಲ್ಲಿ ವಯಸ್ಸು ಕಡಿಮೆ ತೋರಿಸುವ ಪಿಡುಗು ಎಲ್ಲಿಂದ ಬಂತು ಅಂದುಕೊಂಡಿದ್ದೀರಿ?

ಹಾಸನದಪ್ಪ
ಸರ್, ಮಾತು ಚೆಂದ. ಆದರೆ ಕ್ರೀಡಾ ಕೋಟಾದ ಸೀಟಿಗೆ ಅರ್ಜಿ ಹಾಕುವಾಗ "ಕಳೆದ ವರ್ಷಕ್ಕಿಂತ ಎರಡು ಸೆಕೆಂಡ್ ಸುಧಾರಿಸಿದ್ದಾಳೆ" ಎಂದು ಬರೆಯಲು ಜಾಗವೇ ಇಲ್ಲ. ಯಾವ ಮಟ್ಟದ ಕೂಟ, ಎಷ್ಟನೇ ಸ್ಥಾನ, ಪ್ರಮಾಣಪತ್ರ ಎಲ್ಲಿ, ಅಷ್ಟೇ. ಶೂ, ಬಸ್ ಚಾರ್ಜು, ಮೊಟ್ಟೆ ಹಾಲಿನ ಖರ್ಚು ನೋಡುವ ಮನೆಯವರು ಸ್ಥಾನ ಕೇಳದೆ ಇನ್ನೇನು ಕೇಳಬೇಕು?

ಟ್ರ್ಯಾಕ್‌ಸೈಡ್
ನಿಮ್ಮ ಕಷ್ಟ ಸುಳ್ಳಲ್ಲ. ಆ ವ್ಯವಸ್ಥೆ ಬದಲಾಗಬೇಕು ಅಂತ ನಾನೂ ಕೂಗುತ್ತೇನೆ. ಆದರೆ ಹನ್ನೆರಡು ವರ್ಷದ ಮಗುವಿನ ಹೆಗಲಿಗೆ ಸೀಟಿನ ಭಾರ ಹೊರಿಸಿದರೆ ಹದಿನಾರಕ್ಕೆ ಮೈದಾನ ಬಿಡುತ್ತದೆ. ಅಂಥವರನ್ನು ಕಣ್ಣಾರೆ ನೋಡಿದ್ದೇನೆ, ಒಳ್ಳೊಳ್ಳೆ ಓಟಗಾರರು.

ನೆಟ್‌ಪ್ಲೇ
ಒಂದು ವಿಷಯ ಬಿಟ್ಟುಹೋಗುತ್ತಿದೆ. ನೀವಿಬ್ಬರೂ ತೆಗೆದುಕೊಂಡದ್ದು ಗಡಿಯಾರ, ಸ್ಕೋರ್‌ಕಾರ್ಡ್ ಇರುವ ಆಟಗಳು. ಬ್ಯಾಡ್ಮಿಂಟನ್, ಕುಸ್ತಿ, ಕಬಡ್ಡಿಯಲ್ಲಿ ಏನು ಮಾಡುತ್ತೀರಿ? ಅಲ್ಲಿ ಎದುರಾಳಿಯ ಮನಸ್ಸು ಓದುವುದೇ ಪ್ರಯತ್ನ. ಬ್ಯಾಡ್ಮಿಂಟನ್‌ನಲ್ಲಿ 18-18 ಆಗಿರುವಾಗ ಡ್ರಾಪ್ (ನೆಟ್‌ನ ಆಚೆ ಮೆಲ್ಲಗೆ ಬೀಳಿಸುವ ಹೊಡೆತ) ಹಾಕುವ ಧೈರ್ಯ ಬರುವುದು ಗೆಲ್ಲಬೇಕೆಂಬ ಹಟದಿಂದ. ಗೆಲುವಿನ ಆಸೆ ತೆಗೆದುಬಿಟ್ಟರೆ ಆ ಪ್ರಯತ್ನವೂ ಉಳಿಯುವುದಿಲ್ಲ.

ಕಬ್ಬನ್_ನಡಿಗೆ
ಇದು ಗಟ್ಟಿ ಮಾತು. ಆಸೆ ಇರಲೇಬೇಕು, ಇಲ್ಲದಿದ್ದರೆ ಅದು ಬರೀ ವ್ಯಾಯಾಮ. ನನ್ನ ತಕರಾರು ಆಡುವವರ ಆಸೆಯ ಮೇಲಲ್ಲ, ನೋಡುವ ನಮ್ಮ ಲೆಕ್ಕದ ಮೇಲೆ. ಅದಿತಿ ತನಗೆ ತಾನು "ಸಾಲದು" ಅಂದುಕೊಳ್ಳಬಹುದು, ಅದು ಅವಳ ಹಕ್ಕು. ನಾನು ಹಾಗನ್ನಲು ಯಾರು?

ಗೆರೆದಾಟು
ಅಷ್ಟಕ್ಕೆ ನನ್ನದೂ ಒಪ್ಪಿಗೆ. ಆದರೆ ಹಾಗಿದ್ದರೆ ಪದಕ ಬಂದಾಗಷ್ಟೇ ಟಿವಿ ಮುಂದೆ ಕೂರುವುದನ್ನೂ ಬಿಡೋಣ. ಆ ಬೆಳಿಗ್ಗೆಗೆ ಮೊದಲು ನಮ್ಮಲ್ಲಿ ಎಷ್ಟು ಜನ ಅದಿತಿಯ ಒಂದು ಸುತ್ತಾದರೂ ಪೂರ್ತಿ ನೋಡಿದ್ದೆವು?

ಹಾಸನದಪ್ಪ
ಟ್ರ್ಯಾಕ್‌ಸೈಡ್ ಸರ್, ಮಗಳಿಗೆ 800 ಮೀಟರ್ ಜಿಲ್ಲಾ ಕೂಟ ಭಾನುವಾರ ಇದೆ. ಮೊದಲ 400ಕ್ಕೆ ಎಷ್ಟು ಸಮಯ ಇಟ್ಟುಕೊಂಡರೆ ಒಳ್ಳೆಯದು, ಹೇಳುತ್ತೀರಾ? ಅವಳ ಈವರೆಗಿನ ಟೈಮಿಂಗ್‌ಗಳನ್ನು ಕಳಿಸುತ್ತೇನೆ.