‘ಸಿಟರ್’ಗೆ ಕನ್ನಡದಲ್ಲಿ ಏನನ್ನೋಣ? ‘ಅನಾಮಧೇಯ’ ಸರಿಯೇ?

ಎಲ್ಲರಿಗೂ ನಮಸ್ಕಾರ.

1860ರ ದಶಕದ ಸ್ಟುಡಿಯೋ ಫೋಟೋಗಳ ಬಗ್ಗೆ ಬರೆಯುತ್ತಿದ್ದೇನೆ. ಎರಡು ಪದಗಳ ಹತ್ತಿರ ಬರಹ ನಿಂತುಬಿಟ್ಟಿದೆ.

ಒಂದು ‘ಸಿಟರ್’, ಅಂದರೆ ಯಾರ ಫೋಟೋವೋ ಅವರು. ‘ಕುಳಿತವರು’ ಅನ್ನೋಣ ಅಂದರೆ, ಆಗಿನ ಕಾರ್ತ್ ದ ವಿಸಿತ್ ಫೋಟೋಗಳಲ್ಲಿ ಎಷ್ಟೋ ಜನ ನಿಂತೇ ಇದ್ದಾರೆ. ಪ್ಯಾರಿಸ್ಸಿನ ಫೋಟೋಗ್ರಾಫರ್ ದಿಸ್ದೆರಿ 1854ರಲ್ಲಿ ಪೇಟೆಂಟ್ ಪಡೆದ ಪುಟ್ಟ ಕಾರ್ಡುಗಳಿವು: ಸುಮಾರು 6 ಸೆಂ.ಮೀ. ಅಗಲ, 10 ಸೆಂ.ಮೀ. ಎತ್ತರ. ತಲೆ ಅಲುಗಾಡಬಾರದು ಅಂತ ಹಿಂದೆ ಕಬ್ಬಿಣದ ಸ್ಟ್ಯಾಂಡ್ ಇಡುತ್ತಿದ್ದರು. ಕೆಲವು ಫೋಟೋಗಳಲ್ಲಿ ಬೂಟಿನ ಹಿಂದೆ ಅದರ ಬುಡ ಕಾಣುತ್ತದೆ.

‘ಫೋಟೋ ತೆಗೆಸಿಕೊಂಡವರು’ ನನಗೆ ತುಂಬ ಇಷ್ಟ. ದುಡ್ಡು ಕೊಟ್ಟು, ಒಳ್ಳೆ ಬಟ್ಟೆ ಹಾಕಿಕೊಂಡು, ತಾವಾಗಿ ಬಂದವರು ಅನ್ನುವುದೂ ಅದರಲ್ಲಿದೆ. ಆದರೆ ಅಡಿಬರಹಕ್ಕೆ ಉದ್ದವಾಯಿತು, ಅಲ್ವಾ? ಕೂಸಿನ ಫೋಟೋ ಬಂದರೆ ಇನ್ನೂ ತೊಡಕು. ಕೂಸನ್ನು ಹಿಡಿದುಕೊಳ್ಳಲು ಎಷ್ಟೋ ಸಲ ತಾಯಿ ತಾನು ಕಾಣದ ಹಾಗೆ ಮೈತುಂಬ ಬಟ್ಟೆ ಹೊದ್ದು ಹಿಂದೆ ಕೂತಿರುತ್ತಿದ್ದಳು. ಅವಳನ್ನು ಯಾವ ಲೆಕ್ಕಕ್ಕೆ ಸೇರಿಸುವುದು?

ಇನ್ನೊಂದು ‘ಅನಾಮಧೇಯ’, ಅಂದರೆ ಫೋಟೋದಲ್ಲಿರುವವರ ಹೆಸರು ಗೊತ್ತಿಲ್ಲದಾಗ ಅಡಿಬರಹದಲ್ಲಿ ಹಾಕುವ ಪದ. ಇದನ್ನು ಬಳಸಲು ಮನಸ್ಸೇ ಬರುತ್ತಿಲ್ಲ. ಅನಾಮಧೇಯ ಪತ್ರ ಅಂದರೆ ಬರೆದವರು ಬೇಕಂತಲೇ ಹೆಸರು ಮುಚ್ಚಿಟ್ಟದ್ದು. ಫೋಟೋದಲ್ಲಿರುವ ಇವರು ಏನನ್ನೂ ಮುಚ್ಚಿಡಲಿಲ್ಲ. ಆಲ್ಬಮ್ ಇಟ್ಟುಕೊಂಡ ಮನೆಯವರಿಗೆ ಎಲ್ಲರೂ ಗೊತ್ತಿದ್ದವರೇ, ಹೆಸರು ಬರೆದಿಡುವ ಅಗತ್ಯವೇ ಕಾಣಲಿಲ್ಲ. ಕಾರ್ಡಿನ ಹಿಂದೆ ಸ್ಟುಡಿಯೋ ಹೆಸರಿದೆ, ಬೀದಿ ಇದೆ, ಎಷ್ಟೋ ಸಲ ನೆಗೆಟಿವ್ ನಂಬರೂ ಇದೆ. ಅಮೆರಿಕದ ಕಾರ್ಡಿಗೆ ತೆರಿಗೆ ಸ್ಟಾಂಪ್ ಅಂಟಿಸಿದ್ದರೆ ಅದು 1864ರಿಂದ 1866ರ ನಡುವಿನದು ಅಂತಲೂ ಹೇಳಬಹುದು. ಆ ನೆಗೆಟಿವ್ ನಂಬರು ಯಾರದು ಅನ್ನುವುದು ಮಾತ್ರ ಸ್ಟುಡಿಯೋದ ಪುಸ್ತಕದಲ್ಲಿರುತ್ತಿತ್ತು. ಪುಸ್ತಕ ಹೋದರೆ ಹೆಸರೂ ಹೋಯಿತು. ಲಂಡನ್ನಿನಲ್ಲಿ ಸ್ಟುಡಿಯೋ ಇಟ್ಟಿದ್ದ ಕಮೀಯ್ ಸಿಲ್ವಿಯ ಪುಸ್ತಕಗಳು ಅಲ್ಲಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯಲ್ಲಿ ಉಳಿದಿವೆ. ಅದರಿಂದಲೇ ಅವನ ಹತ್ತಿರ ಬಂದ ಸಾವಿರಾರು ಜನರ ಹೆಸರು ಇವತ್ತಿಗೂ ಸಿಗುತ್ತದೆ.

‘ಅಪರಿಚಿತ’ ಅಂದರೆ ಪೇಪರಿನ ಅಪರಾಧ ಸುದ್ದಿ ಓದಿದ ಹಾಗಿರುತ್ತದೆ. ಸದ್ಯಕ್ಕೆ ‘ಹೆಸರು ಉಳಿಯದ ಹೆಂಗಸು, ಸುಮಾರು 1865’ ಅಂತ ಬರೆದಿದ್ದೇನೆ. ಇದು ಕಿವಿಗೆ ಹಿತವಾಗಿದೆಯಾ? ನಿಮ್ಮ ಕಡೆಯ ಹಳೇ ಸ್ಟುಡಿಯೋದವರು ಫೋಟೋ ತೆಗೆಸಲು ಬಂದವರನ್ನು ಏನನ್ನುತ್ತಿದ್ದರು, ಬರೀ ಗಿರಾಕಿ ಅಂತಲೇ? ಬೇರೆ ಮಾತಿದ್ದರೆ ಯಾವ ಊರಿನದು ಅಂತ ಸೇರಿಸಿ ತಿಳಿಸಿ.