ಬ್ಯಾಲೆಟ್‌ನಲ್ಲಿ ಜಡ್ಜ್‌ಗಳ ಹೆಸರು ಯಾಕಿದೆ? ವಕೀಲರಿಗೊಂದು ಪ್ರಶ್ನೆ

ಪ್ರಶ್ನೆ (ಕ್ಯಾರಿ, ನಾರ್ತ್ ಕ್ಯಾರೊಲೈನಾ):
ನಮಸ್ಕಾರ ಮೇಡಂ. ಈಚೆಗಷ್ಟೇ ಸಿಟಿಜನ್ ಆದೆ, ಓಟು ಹಾಕುವುದು ಇದೇ ಮೊದಲು. ಸ್ಯಾಂಪಲ್ ಬ್ಯಾಲೆಟ್ ತೆಗೆದು ನೋಡಿದರೆ ಜಡ್ಜ್‌ಗಳ ಹೆಸರೂ ಇದೆ, ಜೊತೆಗೆ ಪಕ್ಷದ ಹೆಸರೂ ಇದೆ! ನಮ್ಮೂರ ಕಡೆ ಹೈಕೋರ್ಟ್ ಜಡ್ಜ್‌ಗೆ ಯಾರೂ ಓಟು ಹಾಕಿದ್ದಿಲ್ಲ. ಇದು ಹೇಗೆ ನಡೆಯುತ್ತದೆ? ಯಾರು ಏನು ಅಂತಲೇ ಗೊತ್ತಿಲ್ಲ, ಆ ಭಾಗ ಖಾಲಿ ಬಿಟ್ಟರೆ ಆಗಲ್ವಾ?

ಉತ್ತರ:
ಖಾಲಿ ಬಿಟ್ಟರೆ ಉಳಿದ ಓಟುಗಳೇನೂ ಕೆಡುವುದಿಲ್ಲ. ಆದರೂ ದಯವಿಟ್ಟು ಬಿಡಬೇಡಿ. 2024ರಲ್ಲಿ ನಮ್ಮ ರಾಜ್ಯದ ಸುಪ್ರೀಂ ಕೋರ್ಟಿನ ಒಂದು ಸೀಟಿಗೆ ಸುಮಾರು 55 ಲಕ್ಷ ಓಟು ಬಿತ್ತು. ಗೆಲುವಿನ ಅಂತರ ಬರೀ 734.

ಫೆಡರಲ್ ಜಡ್ಜ್‌ಗಳನ್ನು ಅಧ್ಯಕ್ಷರು ನೇಮಿಸುತ್ತಾರೆ, ಸೆನೆಟ್ ಒಪ್ಪಬೇಕು. ಅವರಿಗೆ ಚುನಾವಣೆ ಇಲ್ಲ. ರಾಜ್ಯದ ಕೋರ್ಟುಗಳಲ್ಲಿ ಒಂದೊಂದು ಕಡೆ ಒಂದೊಂದು ಪದ್ಧತಿ. ಎಲ್ಲ ಜಡ್ಜ್‌ಗಳನ್ನೂ ಜನರೇ ಆರಿಸಲಿ ಎಂದು ಮೊದಲು ಹೊರಟದ್ದು ಮಿಸಿಸಿಪ್ಪಿ, 1832ರಲ್ಲಿ. ವಿಸ್ಕಾನ್ಸಿನ್‌ನಲ್ಲಿ ಚುನಾವಣೆ ಇದೆ, ಬ್ಯಾಲೆಟ್‌ನಲ್ಲಿ ಪಕ್ಷದ ಹೆಸರಿಲ್ಲ. ಮಿಸೌರಿಯಲ್ಲಿ 1940ರಿಂದ ಸಮಿತಿಯೊಂದು ಹೆಸರು ಕೊಡುತ್ತದೆ, ಗವರ್ನರ್ ಒಬ್ಬರನ್ನು ಆರಿಸುತ್ತಾರೆ. ಅವರು ಮುಂದುವರಿಯಬೇಕೋ ಬೇಡವೋ ಎಂದು ಆಮೇಲೆ ಜನ ಹೇಳುತ್ತಾರೆ. ಮ್ಯಾಸಚೂಸೆಟ್ಸ್‌ನಲ್ಲಿ ಚುನಾವಣೆಯೇ ಇಲ್ಲ.

ನಮ್ಮಲ್ಲಿ ಸುಪ್ರೀಂ ಕೋರ್ಟಿಗೆ ಏಳು ಜನ, ಎಂಟು ವರ್ಷದ ಅವಧಿ, ಇಡೀ ರಾಜ್ಯ ಓಟು ಹಾಕುತ್ತದೆ. 2004ರಿಂದ 2016ರವರೆಗೆ ಈ ಸೀಟುಗಳಿಗೆ ಪಕ್ಷದ ಹೆಸರು ಇರಲಿಲ್ಲ. ಪ್ರಚಾರಕ್ಕೆ ಸರ್ಕಾರದ ನಿಧಿಯೂ ಸಿಗುತ್ತಿತ್ತು. ಆ ನಿಧಿಯನ್ನು 2013ರಲ್ಲಿ ನಿಲ್ಲಿಸಿದರು, 2018ರಲ್ಲಿ ಪಕ್ಷದ ಹೆಸರು ವಾಪಸ್ ಬಂತು. ಆ ನಿಧಿ ಹೋದದ್ದು ನನಗೆ ಇವತ್ತಿಗೂ ಬೇಜಾರು. ಜಡ್ಜ್ ಆಗಬೇಕಾದವರು ದುಡ್ಡಿರುವವರ ಮುಖ ನೋಡುವಂತಾಯಿತು.

ಇನ್ನೊಬ್ಬ ಸದಸ್ಯರು (ಮಾರಿಸ್‌ವಿಲ್):
ಅಕ್ಕ, ಆ 734 ಓಟಿನ ಕೇಸು ತಿಂಗಳುಗಟ್ಟಲೆ ಎಳೆದರಲ್ಲ, ಏನದು? ತಕರಾರು ಎತ್ತಿದ ಓಟುಗಳ ಪಟ್ಟಿಯಲ್ಲಿ ನನ್ನ ಹೆಂಡತಿಯ ಹೆಸರೂ ಇತ್ತು. ಅವಳು ಐಡಿ ತೋರಿಸಿಯೇ ಓಟು ಹಾಕಿದ್ದಳು.

ಉತ್ತರ:
ಗೆದ್ದವರು ಡೆಮಾಕ್ರಟಿಕ್ ಪಕ್ಷದ ಆಲಿಸನ್ ರಿಗ್ಸ್, ಆಗಲೇ ಆ ಸೀಟಿನಲ್ಲಿದ್ದವರು. ಸೋತವರು ರಿಪಬ್ಲಿಕನ್ ಪಕ್ಷದ ಜೆಫರ್ಸನ್ ಗ್ರಿಫಿನ್, ಅವರೂ ಅಪೀಲು ಕೋರ್ಟಿನ ಜಡ್ಜ್. ಮರುಎಣಿಕೆಯಲ್ಲೂ ಗೆಲುವು ರಿಗ್ಸ್ ಅವರದ್ದೇ ಆಯಿತು. ಆಗ ಗ್ರಿಫಿನ್ 60,000ಕ್ಕೂ ಹೆಚ್ಚು ಓಟುಗಳನ್ನು ತೆಗೆದುಹಾಕಿ ಎಂದು ಕೇಳಿದರು. ಈ ಮತದಾರರ ನೋಂದಣಿ ದಾಖಲೆಯಲ್ಲಿ ಡ್ರೈವಿಂಗ್ ಲೈಸೆನ್ಸ್ ನಂಬರ್ ಅಥವಾ ಸೋಶಿಯಲ್ ಸೆಕ್ಯುರಿಟಿ ನಂಬರಿನ (ಸರ್ಕಾರ ಕೊಡುವ ಗುರುತಿನ ಸಂಖ್ಯೆ) ಕೊನೆಯ ನಾಲ್ಕು ಅಂಕಿ ಕಾಣುತ್ತಿಲ್ಲ ಎಂಬುದು ಅವರ ವಾದ. ಹಳೇ ಫಾರ್ಮಿನಲ್ಲಿ ಅದು ಕಡ್ಡಾಯ ಎಂದು ಸ್ಪಷ್ಟವಾಗಿ ಬರೆದಿರಲೇ ಇಲ್ಲ. ಕೆಲವರು ನಂಬರ್ ಕೊಟ್ಟಿದ್ದರೂ ಎರಡು ದಾಖಲೆಗಳಲ್ಲಿ ಹೆಸರು ತಾಳೆಯಾಗಿರಲಿಲ್ಲ. ಒಂದು ಕಡೆ ತಂದೆಯ ಹೆಸರು, ಇನ್ನೊಂದು ಕಡೆ ಇನಿಶಿಯಲ್ ಇರುವ ನಮ್ಮವರಿಗೆ ಈ ಪಾಡು ಚೆನ್ನಾಗಿ ಗೊತ್ತು. ಸ್ವತಃ ರಿಗ್ಸ್ ಅವರ ತಂದೆ ತಾಯಿಯ ಹೆಸರೂ ಪಟ್ಟಿಯಲ್ಲಿತ್ತು.

ಇದಲ್ಲದೆ, ವಿದೇಶದಲ್ಲಿರುವ ಸೈನಿಕರು ಮತ್ತು ನಾಗರಿಕರು ಫೋಟೋ ಐಡಿ ಇಲ್ಲದೆ ಕಳಿಸಿದ ಓಟುಗಳ ಮೇಲೂ ತಕರಾರು. ಅದೂ ಎಲ್ಲ ಕೌಂಟಿಗಳಲ್ಲಲ್ಲ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ), ಡೆಮಾಕ್ರಟರ ಬಲ ಜಾಸ್ತಿ ಇರುವ ಕಡೆ ಮಾತ್ರ. ಐಡಿ ಬೇಕಿಲ್ಲ ಎಂದು ಚುನಾವಣಾ ಮಂಡಳಿಯೇ ಅವರಿಗೆ ಹೇಳಿತ್ತು.

2025ರ ಏಪ್ರಿಲ್‌ನಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಆ 60,000 ಓಟುಗಳನ್ನು ಉಳಿಸಿತು, ವಿದೇಶದ ಓಟುಗಳನ್ನು ಮಾತ್ರ ತೂಗುಗತ್ತಿಯ ಕೆಳಗಿಟ್ಟಿತು. ಕೊನೆಗೆ ಮೇ 5ರಂದು ಫೆಡರಲ್ ಜಡ್ಜ್ ರಿಚರ್ಡ್ ಮೈಯರ್ಸ್, ಓಟು ಬಿದ್ದ ಮೇಲೆ ನಿಯಮ ಬದಲಿಸುವಂತಿಲ್ಲ ಎಂದರು. ಅವರನ್ನು ನೇಮಿಸಿದ್ದು ಟ್ರಂಪ್, ಅದನ್ನೂ ಗಮನಿಸಿ. ಎರಡು ದಿನಕ್ಕೆ ಗ್ರಿಫಿನ್ ಸೋಲೊಪ್ಪಿಕೊಂಡರು. ನಿಯಮ ಪಾಲಿಸಿ ಓಟು ಹಾಕಿದ ಜನ ಆರು ತಿಂಗಳು ತಮ್ಮ ಓಟು ಉಳಿಯುತ್ತೋ ಇಲ್ಲವೋ ಎಂದು ಕಾಯಬೇಕಾಯಿತು. ನಿಮ್ಮ ಮನೆಯವರ ಸಿಟ್ಟು ನ್ಯಾಯವಾದದ್ದೇ.

ಮತ್ತೊಬ್ಬರು (ಷಾರ್ಲೆಟ್):
ಪ್ರಚಾರಕ್ಕೆ ದುಡ್ಡು ಕೊಟ್ಟವನ ಕೇಸು ಅದೇ ಜಡ್ಜ್ ಮುಂದೆ ಬಂದರೆ?

ಉತ್ತರ:
ಬಂದಿದೆ. ವೆಸ್ಟ್ ವರ್ಜೀನಿಯಾದಲ್ಲಿ ಮ್ಯಾಸಿ ಎಂಬ ಕಲ್ಲಿದ್ದಲು ಕಂಪನಿ 5 ಕೋಟಿ ಡಾಲರ್ ಪರಿಹಾರ ಕೊಡಬೇಕು ಎಂದು ಜ್ಯೂರಿ ಹೇಳಿತು. ಅಪೀಲು ಬರುವ ಮೊದಲೇ, 2004ರಲ್ಲಿ, ಕಂಪನಿಯ ಮುಖ್ಯಸ್ಥ ಡಾನ್ ಬ್ಲಾಂಕೆನ್‌ಶಿಪ್ ಸುಮಾರು 30 ಲಕ್ಷ ಡಾಲರ್ ಸುರಿದು ಆ ರಾಜ್ಯದ ಸುಪ್ರೀಂ ಕೋರ್ಟಿನ ಸೀಟನ್ನು ಬ್ರೆಂಟ್ ಬೆಂಜಮಿನ್ ಗೆಲ್ಲಲು ನೆರವಾದರು. ಬೆಂಜಮಿನ್ ಆ ಕೇಸಿನಿಂದ ಹಿಂದೆ ಸರಿಯಲಿಲ್ಲ. 3–2ರಲ್ಲಿ ಪರಿಹಾರ ರದ್ದಾಯಿತು. 2009ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 5–4ರಲ್ಲಿ, ಅವರು ಸರಿಯಲೇಬೇಕಿತ್ತು ಎಂದಿತು. ಆಮೇಲೆ ಬೆಂಜಮಿನ್ ಇಲ್ಲದೆ ಕೇಸನ್ನು ಮತ್ತೆ ಕೇಳಿದಾಗಲೂ ಗೆದ್ದದ್ದು ಕಂಪನಿಯೇ. ಆದರೂ ಆ ತೀರ್ಪು ಬೇಕಿತ್ತು. ಸೋತವನಿಗೂ ಕೋರ್ಟಿನ ಮೇಲೆ ನಂಬಿಕೆ ಉಳಿಯಬೇಕು ತಾನೇ?

2015ರ ಇನ್ನೊಂದು ತೀರ್ಪಿನ ಪ್ರಕಾರ, ಅಭ್ಯರ್ಥಿ ತಾನೇ ದೇಣಿಗೆ ಕೇಳುವುದನ್ನು ರಾಜ್ಯಗಳು ತಡೆಯಬಹುದು. ಹೊರಗಿನವರು ಸುರಿಯುವ ದುಡ್ಡಿಗೆ ಇದರಿಂದ ತಡೆಯಿಲ್ಲ. 2025ರಲ್ಲಿ ವಿಸ್ಕಾನ್ಸಿನ್ ಸುಪ್ರೀಂ ಕೋರ್ಟಿನ ಒಂದೇ ಸೀಟಿಗೆ ಸುಮಾರು 10 ಕೋಟಿ ಡಾಲರ್ ಖರ್ಚಾಯಿತು.

ಮೊದಲು ಕೇಳಿದವರು:
ಹಾಗಾದರೆ ಯಾರಿಗೆ ಹಾಕುವುದು ಅಂತ ಹೇಗೆ ತೀರ್ಮಾನಿಸಲಿ ಮೇಡಂ?

ಉತ್ತರ:
ಹೆಸರು ನಾನು ಹೇಳುವುದಿಲ್ಲ. ಅವರು ಈಗಾಗಲೇ ಜಡ್ಜ್ ಆಗಿದ್ದರೆ ಒಂದೆರಡು ತೀರ್ಪು ಓದಿ. ದುಡ್ಡು ಎಲ್ಲಿಂದ ಬಂದಿದೆ ನೋಡಿ. ಇಲ್ಲಿ ಒಂದೇ ಗುರುತಿನಲ್ಲಿ ಇಡೀ ಪಕ್ಷಕ್ಕೆ ಓಟು ಹಾಕುವ ಸೌಲಭ್ಯ ಇಲ್ಲ, ಪ್ರತಿ ಸೀಟಿಗೂ ಬೇರೆಯಾಗಿ ಹಾಕಬೇಕು. ಹಾಳೆ ತಿರುಗಿಸಿ ಹಿಂಬದಿಯನ್ನೂ ನೋಡಿ. ಅದಕ್ಕೂ ಮೊದಲು ಇವತ್ತೇ ರಾಜ್ಯ ಚುನಾವಣಾ ಮಂಡಳಿಯ ವೆಬ್‌ಸೈಟಿನಲ್ಲಿ ನಿಮ್ಮ ನೋಂದಣಿ ತೆಗೆದು, ಲೈಸೆನ್ಸಿನಲ್ಲಿರುವ ಹೆಸರೂ ಅಲ್ಲಿರುವ ಹೆಸರೂ ಒಂದೇ ಇದೆಯಾ ಅಂತ ನೋಡಿಕೊಳ್ಳಿ. ಬೇರೆ ಇದ್ದರೆ ಕೌಂಟಿಯ ಚುನಾವಣಾ ಕಚೇರಿಗೆ ಫೋನ್ ಮಾಡಿ, ಹೇಗೆ ಸರಿಪಡಿಸುವುದು ಅಂತ ಕೇಳಿಕೊಳ್ಳಿ.