ವಾಕರ್ ಅಂದರೆ ನಡೆಯುವವನಾ? ಒಂದು ಇಂಗ್ಲಿಷ್ ಮನೆತನದ ಹೆಸರಿನ ಮೂಲ

ಎಳೆಎಳೆ (ಪ್ರಶ್ನೆ):
ವಾಕರ್ ಅನ್ನುವ ಇಂಗ್ಲಿಷ್ ಅಡ್ಡಹೆಸರಿಗೂ ನಡಿಗೆಗೂ ಏನಾದರೂ ಸಂಬಂಧ ಇದೆಯಾ? ಫುಲ್ಲರ್, ಟಕ್ಕರ್ ಕೂಡ ಅದೇ ಕಸುಬಿನ ಹೆಸರು ಅಂತಾರೆ. ಒಂದು ಕಸುಬಿಗೆ ಮೂರು ಹೆಸರು ಯಾಕೆ? ಒಂದು ವಾಕರ್ ಮನೆತನದ ಜಾಡು ಹಿಡಿಯಬೇಕಾದರೆ ಎಲ್ಲಿಂದ ಶುರು ಮಾಡಬೇಕು?

ಉಣ್ಣೆಗಂಟು:
ನಡೆಯುವವನಲ್ಲ, ನೇಯ್ದ ಉಣ್ಣೆ ಬಟ್ಟೆಯನ್ನು ತುಳಿದು ಹದ ಮಾಡುವವ. ಹಳೇ ಇಂಗ್ಲಿಷಿನ ಮೂಲ ಧಾತುವಿಗೆ ಹೊರಳಿಸು, ಉರುಳಿಸು ಅನ್ನೋ ಅರ್ಥ. 'ನಡೆ' ಅನ್ನೋದು ಆಮೇಲೆ ಬಂದದ್ದು.

ಮಗ್ಗದಿಂದ ಇಳಿದ ಉಣ್ಣೆ ಬಟ್ಟೆ ಜಾಳಾಗಿರುತ್ತೆ, ಜಿಡ್ಡೂ ಹಾಗೇ ಇರುತ್ತೆ. ಅದನ್ನು ತೊಟ್ಟಿಗೆ ಹಾಕಿ, ಮನುಷ್ಯರ ಹಳಸಿದ ಮೂತ್ರ ಸುರಿದು, ಬರಿಗಾಲಲ್ಲಿ ತುಳಿಯುತ್ತಿದ್ದರು. ಮೂತ್ರದ ಅಮೋನಿಯಾ ಜಿಡ್ಡು ಬಿಡಿಸುತ್ತೆ, ಉಳಿದದ್ದನ್ನು ಒಂದು ಬಗೆಯ ಜೇಡಿಮಣ್ಣು ಹೀರುತ್ತೆ. ನಾವು ಮುಖಕ್ಕೆ ಹಚ್ಚುವ ಮುಲ್ತಾನಿ ಮಿಟ್ಟಿ ಅದೇ ಜಾತಿಯ ಮಣ್ಣು. ತುಳಿದಂತೆಲ್ಲ ಉಣ್ಣೆ ಎಳೆಯ ಮೇಲಿನ ಹುರುಪೆಗಳು ಒಂದಕ್ಕೊಂದು ಕಚ್ಚಿಕೊಂಡು ಬಟ್ಟೆ ಕುಗ್ಗಿ ದಟ್ಟವಾಗುತ್ತೆ. ತುಳಿತ ಒಂದೇ ಕಡೆ ಬಿದ್ದರೆ ಅಲ್ಲಿ ಗಟ್ಟಿ, ಪಕ್ಕದಲ್ಲಿ ಜಾಳು. ಅದಕ್ಕೇ ಮಡಿಕೆ ಬದಲಿಸಿ ಬದಲಿಸಿ ಹೊರಳಿಸಬೇಕು. ಕೊನೆಗೆ ತೊಳೆದು, ಮರದ ಚೌಕಟ್ಟಿನ ಕೊಕ್ಕೆಗಳಿಗೆ ಸಿಕ್ಕಿಸಿ, ಬಿಗಿಯಾಗಿ ಎಳೆದು ಒಣಗಿಸೋದು. ಸಡಿಲ ಬಿಟ್ಟರೆ ಅಂಚು ಸೊಟ್ಟಗಾಗುತ್ತೆ.

ನಮ್ಮ ಕಂಬಳಿಗೆ ಹಾಕುವ ಹುಣಸೆ ಬೀಜದ ಸರಿ (ಗಂಜಿ) ಬೇರೆ. ಅದು ಹಾಸಿನ ನೂಲಿಗೆ, ನೇಯುವ ಮೊದಲು. ಇದು ನೇಯ್ದ ಮೇಲೆ.

ಊರುಕೇರಿ:
ಮೂರು ಹೆಸರು ಬಂದದ್ದು ಸೀಮೆಯಿಂದ. ಯಾರ್ಕ್‌ಶೈರ್, ಲ್ಯಾಂಕಶೈರ್ ಕಡೆಯ ಉತ್ತರದಲ್ಲಿ ವಾಕರ್. ಸಸೆಕ್ಸ್, ಕೆಂಟ್ ಕಡೆಯ ಆಗ್ನೇಯದಲ್ಲಿ ಫುಲ್ಲರ್. ಡೆವನ್, ಸಾಮರ್‌ಸೆಟ್ ಕಡೆಯ ನೈಋತ್ಯದಲ್ಲಿ ಟಕ್ಕರ್. ಎಕ್ಸಿಟರ್ ಪಟ್ಟಣದಲ್ಲಿ ಈ ಕಸುಬಿನವರ ಸಂಘದ ಕಟ್ಟಡಕ್ಕೆ ಇಂದಿಗೂ ಟಕ್ಕರ್ಸ್ ಹಾಲ್ ಅಂತಲೇ ಹೆಸರು, ಕಟ್ಟಿದ್ದು 1471ರಲ್ಲಿ. ಕಾಲಿನ ಕೆಲಸವನ್ನು ನೀರಿನಿಂದ ಓಡುವ ಕೊಡತಿಗಳು ವಹಿಸಿಕೊಂಡ ಮೇಲೂ ಹೆಸರು ಬದಲಾಗಲಿಲ್ಲ. ಅಂಥ ಗಿರಣಿ ಲೀಡ್ಸ್ ಹತ್ತಿರದ ಟೆಂಪಲ್ ನ್ಯೂಸಮ್‌ನಲ್ಲಿ 1185ರ ಹೊತ್ತಿಗೇ ಇತ್ತು.

ಎಲ್ಲರೂ ಎಡವೋ ಜಾಗ ಒಂದಿದೆ. ಟೈನ್ ನದಿ ದಂಡೆಯಲ್ಲಿ, ರೋಮನ್ ಗೋಡೆಯ ಪಕ್ಕ, ವಾಕರ್ ಅನ್ನೋ ಊರೇ ಇದೆ. ಅರ್ಥ 'ಗೋಡೆ ಪಕ್ಕದ ಜೌಗು'. ಹಳೇ ದಾಖಲೆಯಲ್ಲಿ 'ಲೆ ವಾಕರ್' ಅಂತಿದ್ದರೆ ಕಸುಬು, 'ಡಿ ವಾಕರ್' ಅಂತಿದ್ದರೆ ಊರು. ಲ್ಯಾಟಿನ್ ದಾಖಲೆಯಲ್ಲಿ 'ಫುಲ್ಲೊ' (ಈ ಕಸುಬಿನವನಿಗೆ ಲ್ಯಾಟಿನ್ ಪದ) ಅಂತ ಕಂಡ ಕೂಡಲೇ ಫುಲ್ಲರ್ ಅಂತ ಬರೆದುಕೊಳ್ಳಬೇಡಿ. ಉತ್ತರದ ಊರಲ್ಲಿ ಅವನನ್ನು ಜನ ವಾಕರ್ ಅಂತಲೇ ಕರೆದಿರಬಹುದು.

ಕಡತದಹುಳು:
ಹಿಂದಿನಿಂದ ಮುಂದಕ್ಕೆ ಬರಬೇಡಿ, ಇಂದಿನಿಂದ ಹಿಂದಕ್ಕೆ ಹೋಗಿ. ಕಸುಬಿನ ಹೆಸರು ಊರೂರಲ್ಲಿ ಬೇರೆಬೇರೆಯಾಗಿ ಹುಟ್ಟಿದ್ದು, ಎಲ್ಲ ವಾಕರ್‌ಗಳೂ ಒಂದೇ ಬೇರಿನವರಲ್ಲ.

ಇಂಗ್ಲೆಂಡಿನಲ್ಲಿ ಜನನ ಮರಣದ ಸರ್ಕಾರಿ ನೋಂದಣಿ 1837ರ ಜುಲೈ 1ರಿಂದ. ಜನಗಣತಿಯಲ್ಲಿ ಮೊದಲು 1851ರದ್ದು ತೆಗೆಯಿರಿ, ಹುಟ್ಟಿದ ಊರು ಸಿಗೋದು ಅದರಲ್ಲಿ. 1841ರದ್ದರಲ್ಲಿ 15 ದಾಟಿದವರ ವಯಸ್ಸನ್ನು ಐದರ ಲೆಕ್ಕಕ್ಕೆ ಇಳಿಸಿದ್ದಾರೆ, 38ರವನು 35 ಆಗಿರುತ್ತಾನೆ. ಅದಕ್ಕೂ ಹಿಂದೆ ಚರ್ಚಿನ ದಾಖಲೆ ಪುಸ್ತಕಗಳು, ಅವನ್ನು ಇಡಬೇಕು ಅನ್ನೋ ಆದೇಶ ಹೊರಟಿದ್ದು 1538ರಲ್ಲಿ. 1751ರ ತನಕ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಹಾಗಾಗಿ ಪುಸ್ತಕದ '10 ಫೆಬ್ರವರಿ 1700' ನಮ್ಮ ಲೆಕ್ಕಕ್ಕೆ 1701.

ಬ್ಯಾಪ್ಟಿಸಂ (ಕೂಸಿಗೆ ಚರ್ಚಿನಲ್ಲಿ ಮಾಡುವ ದೀಕ್ಷಾಸ್ನಾನ) ದಾಖಲೆ ಸಿಕ್ಕ ಕೂಡಲೇ ಹಿಗ್ಗಬೇಡಿ. ಅದೇ ಪುಸ್ತಕದ ಸಮಾಧಿ ಪುಟಗಳನ್ನು ಮುಂದಿನ ಹತ್ತು ವರ್ಷದವರೆಗೆ ನೋಡಿ. ಜಾನ್ ವಾಕರ್ ಕೂಸಾಗಿದ್ದಾಗಲೇ ತೀರಿಕೊಂಡಿದ್ದರೆ ಅವನಿಂದ ಮುಂದೆ ಕಟ್ಟಿದ ವಂಶವೃಕ್ಷವೆಲ್ಲ ಸುಳ್ಳು. ಅಂತರ್ಜಾಲದ ಎಷ್ಟೋ ವಂಶವೃಕ್ಷಗಳು ಕೆಟ್ಟಿರೋದು ಇಲ್ಲೇ.

ಎಳೆಎಳೆ:
ತುಂಬಾ ಉಪಕಾರವಾಯ್ತು. ಬೆಂಗಳೂರು ದಂಡಿನಲ್ಲಿ ತೀರಿಕೊಂಡ ವಾಕರ್ ಆದರೆ?

ಕಡತದಹುಳು:
ದಂಡಿನ ಚರ್ಚುಗಳ ದಾಖಲೆಯ ನಕಲು ಮದ್ರಾಸಿಗೆ, ಅಲ್ಲಿಂದ ಲಂಡನ್ನಿಗೆ ಹೋಗುತ್ತಿತ್ತು. ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ಸಂಗ್ರಹದಲ್ಲಿ ಮದ್ರಾಸಿನ ಕಡತಗಳ ಸಾಲಿನ ಗುರುತು 'ಎನ್/2'. ಸಮಾಧಿ ಕಲ್ಲಿನ ಮೇಲೆ ರೆಜಿಮೆಂಟಿನ ಹೆಸರು ಇದ್ದರೆ ಮೊದಲು ಅದನ್ನು ಬರೆದುಕೊಳ್ಳಿ, ಒಂದೇ ಹೆಸರಿನ ಇಬ್ಬರು ಸಿಪಾಯಿಗಳು ಬೇರೆಯಾಗೋದು ಅದರಿಂದಲೇ.